ಬಿಲಕ್ಕೆ ಎರಡು ಬಾಯಿ

ಬೆಳಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ ನಮ್ಮ ಶಾಲೆಯ ಸಭಾಂಗಣದ ಫ್ಯಾನುಗಳು ನಿಂತವು. ವೇದಿಕೆಯ ಪಕ್ಕದ ಗೋಡೆ ಗಡಿಯಾರವನ್ನು ನಾನು ಆಗಷ್ಟೇ ನೋಡಿದ್ದೆ, ಮುಂದಿನ ಕಾರ್ಯಕ್ರಮ ನನ್ನ ತಂಗಿ ನವ್ಯಳದ್ದಾಗಿತ್ತು. ಕರೆಂಟು ಹೋದದ್ದಕ್ಕೆ ಮಕ್ಕಳೆಲ್ಲ ಹೋ ಎಂದು ಕೂಗಿದರು. ಮೈಕು ಸತ್ತುಹೋಯಿತು. ಬೆಳಕು ಕಮ್ಮಿಯಾಗಬಾರದೆಂದು ಯಾರೋ ಕಿಟಕಿಯ ಪರದೆಗಳನ್ನು ಸರಿಸಿದರು, ಬಿಸಿಲು ನೇರ ವೇದಿಕೆಯ ಮೇಲೆ ಬಿತ್ತು. ನಿಲ್ಲಿಸುವುದು ಬೇಡ, ನಾಟಕ ನಡೆಯಲಿ ಎಂದು ಟೀಚರ್ ಕೈಸನ್ನೆ ಮಾಡಿದರು. ಪಕ್ಕದ ಬಾಗಿಲಿಂದ ದೊಡ್ಡದೊಂದು ಬಿಳಿ ಮೊಲ ಕುಪ್ಪಳಿಸುತ್ತ ಬಂತು. ಇಷ್ಟು ವರ್ಷ ಕಳೆದರೂ ನನ್ನ ಮನಸ್ಸು ಬಿಡುವಾದಾಗಲೆಲ್ಲ ಆ ಗಡಿಯಾರದ ಕೆಳಗೆ ಹೋಗಿ ಕೂರುತ್ತದೆ. ಮುಂದಿನದ್ದನ್ನು ಹೇಳುವ ಮೊದಲು ನಮ್ಮ ಮನೆಯನ್ನು ಹೇಳಬೇಕು. ಅಂದು ತಂಗಿಯನ್ನು ಆ ಮೊಲದ ಒಳಗೆ ಹಾಕಿ ಕಟ್ಟಿದ್ದು ನಮ್ಮ ಮನೆಯೇ.

ಕದ್ರಿ ಗುಡ್ಡದ ಇಳಿಜಾರಿನಲ್ಲಿ, ರಸ್ತೆಯಿಂದ ಮೆಟ್ಟಿಲಿಳಿದು ಬರಬೇಕಾದ ಹಂಚಿನ ಮನೆ ನಮ್ಮದು. ಆಸುಪಾಸಿನವರು ಅದನ್ನು ವೇಷದ ಮನೆ ಎನ್ನುತ್ತಿದ್ದರು. ಅಪ್ಪನ ಅಪ್ಪ, ನಮ್ಮ ಅಜ್ಜ, ನವರಾತ್ರಿಯ ಹುಲಿವೇಷದವರಿಗೆ ಹುಲಿಯ ತಲೆಗಳನ್ನು ಮಾಡಿಕೊಡುತ್ತಿದ್ದರು. ನಮ್ಮಲ್ಲಿ ಅದಕ್ಕೆ ಮಂಡೆ ಎಂದೇ ಹೆಸರು. ಉಳಿದ ದಿನಗಳಲ್ಲಿ ಶಾಲೆಗಳ ವಾರ್ಷಿಕೋತ್ಸವಕ್ಕೆ ಕೃಷ್ಣ, ಕೋತಿ, ಸಿಂಹ, ಸೈನಿಕ ಎಲ್ಲವೂ ನಮ್ಮಲ್ಲಿ ಬಾಡಿಗೆಗೆ ಸಿಗುತ್ತಿದ್ದವು. ಅಪ್ಪ ಕೊಡಿಯಾಲ್‌ಬೈಲಿನ ಒಂದು ಪ್ರೆಸ್ಸಿನಲ್ಲಿ ಕೆಲಸಕ್ಕಿದ್ದರು. ಹಾಳಾದ ಕಾಗದಗಳನ್ನು ಕಟ್ಟು ಕಟ್ಟಿ ಸ್ಕೂಟರಿನ ಮುಂದಿಟ್ಟುಕೊಂಡು ತರುತ್ತಿದ್ದರು. ಅವನ್ನು ಹರಿದು, ಮೈದಾ ಅಂಟಿನಲ್ಲಿ ಅದ್ದಿ, ಮಣ್ಣಿನ ಅಚ್ಚಿನ ಮೇಲೆ ಪದರ ಪದರವಾಗಿ ಹಚ್ಚುವುದು ಅಜ್ಜನ ಕೆಲಸ, ಬಟ್ಟೆ ಹೊಲಿಯುವುದು ಅಮ್ಮನ ಕೆಲಸ. ಅಡುಗೆಮನೆಯಲ್ಲಿ ಒಂದು ಒಲೆಯ ಮೇಲೆ ಕುಚ್ಚಲಕ್ಕಿ ಗಂಜಿ, ಇನ್ನೊಂದರ ಮೇಲೆ ಅಂಟು. ಹುಳ ಹಿಡಿಯದಿರಲೆಂದು ಅಂಟಿಗೆ ಅಜ್ಜ ಮೈಲುತುತ್ತು ಹಾಕುತ್ತಿದ್ದರು, ಅದು ವಿಷ. ಆದ್ದರಿಂದ ಅಮ್ಮ ಎರಡು ಸೌಟುಗಳಿಗೂ ಬೇರೆ ಬೇರೆ ಬಣ್ಣದ ದಾರ ಸುತ್ತಿದ್ದಳು. ಮನೆಯ ಜಗಳಗಳಲ್ಲಿ ಅರ್ಧ ಆ ಸೌಟುಗಳಿಂದ ಹುಟ್ಟುತ್ತಿದ್ದವು.

"ಮಾವ, ನೀವು ಗಂಜಿಯ ಸೌಟು ತಗೊಂಡದ್ದು."

"ನಾನು ತಗೊಳ್ಳಲಿಲ್ಲ. ಅದೇ ನನ್ನ ಕೈಗೆ ಬಂತು."

"ನಾಳೆ ನಾವೇ ಹೋಗ್ತೇವೆ ಮೇಲೆ, ಸೌಟೊಂದು ನಿಮ್ಮ ಕೈಯಲ್ಲಿ ಉಳೀತದೆ."

ತಯಾರಾದ ಮಂಡೆಗಳೆಲ್ಲ ಇರುತ್ತಿದ್ದದ್ದು ಹಿಂದಿನ ಕೋಣೆಯಲ್ಲಿ. ನಾನೂ ನವ್ಯಳೂ ಮಲಗುತ್ತಿದ್ದದ್ದೂ ಅಲ್ಲಿಯೇ. ಜಂತಿಗೆ ಹೊಡೆದ ಕೊಕ್ಕೆಗಳಿಂದ ತಲೆಗಳು ತೂಗುತ್ತಿದ್ದವು. ಕೋಣೆಗೆ ಒಂದು ಕಿಟಕಿ ಇತ್ತು, ಆದರೆ ಅದಕ್ಕೆ ಅಡ್ಡವಾಗಿ ಬಟ್ಟೆಯ ಟ್ರಂಕುಗಳನ್ನು ಒಂದರ ಮೇಲೊಂದು ಪೇರಿಸಿದ್ದರು. ಗಾಳಿ ಬರುವುದೂ ಹೋಗುವುದೂ ಒಂದೇ ಬಾಗಿಲಿನಲ್ಲಿ. ಸೆಕೆಗೆ ಬೆವತು ಎಚ್ಚರಾದರೆ ಕಣ್ಣಿಗೆ ಮೊದಲು ಕಾಣುತ್ತಿದ್ದದ್ದು ಹುಲಿಗಳ ಗಂಟಲಿನ ಒಳಭಾಗ, ಹರಿದ ಮದುವೆ ಕಾಗದಗಳ ಅಕ್ಷರಗಳು. ನಮಗೆ ಹೆದರಿಕೆ ಆಗುತ್ತಿರಲಿಲ್ಲ. ಹೆದರಿಕೆ ಬಂದದ್ದು ಆಮೇಲೆ.

ಜೀವಮಾನವಿಡೀ ಹುಲಿಯ ಮಂಡೆ ಮಾಡಿದ ಅಜ್ಜ ನಮಗೆ ಹುಲಿಯ ಕಥೆಯನ್ನು ಒಂದು ದಿನವೂ ಹೇಳಲಿಲ್ಲ. ಅವರ ಕಥೆಗಳೆಲ್ಲ ಒಂದು ಮೊಲದ್ದು. ಅದರ ಹೆಸರು ಕೆಬಿಯಣ್ಣ. ಮನೆಯಲ್ಲಿ ನಾವಾಡುವ ತುಳುವಿನಲ್ಲಿ ಕೆಬಿ ಎಂದರೆ ಕಿವಿ. ಅಂಟು ಹಚ್ಚುತ್ತ ಅಜ್ಜ ಕೆಬಿಯಣ್ಣನನ್ನು ಕದ್ರಿ ಗುಡ್ಡದ ತುಂಬ ಓಡಿಸುತ್ತಿದ್ದರು. ನರಿ, ನಾಯಿ, ಬಲೆ ಹಿಡಿದ ಮನುಷ್ಯ, ಎಲ್ಲರೂ ಹಿಂದೆ. ನಾವು ಕಾಗದ ಹರಿಯುತ್ತ ಕೇಳುತ್ತಿದ್ದೆವು. ಒಮ್ಮೆ ನಾನು ಹುಲಿಯದ್ದು ಹೇಳಿ ಎಂದು ಹಟ ಹಿಡಿದೆ.

"ಹುಲಿಗೆ ಎಂತ ಕಥೆ ಮಾರಾಯ್ತಿ? ಅದಕ್ಕೆ ಹೊಟ್ಟೆ ಒಂದು ಉಂಟು. ಕಥೆ ಇರುವುದು ಓಡುವವನಿಗೆ."

ಕೆಬಿಯಣ್ಣನಿಗೆ ಎರಡು ಪಾಠಗಳಿದ್ದವು. ಅಪಾಯ ಬಂದರೆ ಬಾಯಿ ತೆರೆಯದೆ ಹಿಂಗಾಲಿನಿಂದ ನೆಲ ಕುಟ್ಟಬೇಕು, ಕೇಳಬೇಕಾದವರಿಗೆ ಅದು ಕೇಳುತ್ತದೆ. ಇನ್ನೊಂದು, ಎರಡು ಬಾಯಿ ಇಲ್ಲದ ಬಿಲಕ್ಕೆ ಮೊಲ ಹೋಗುವುದಿಲ್ಲ. ಹೋಗಲು ಒಂದು, ಹೊರಡಲು ಇನ್ನೊಂದು. ಎಲ್ಲ ಕಥೆಯೂ ಮುಗಿಯುತ್ತಿದ್ದದ್ದು ಆ ಎರಡನೆಯ ಬಾಯಿಯಲ್ಲೇ. ನರಿ ಮುಂದಿನ ಬಾಯಿಯಲ್ಲಿ ಮೂತಿ ತೂರಿಸಿ ಕಾಯುತ್ತಿದ್ದರೆ ಕೆಬಿಯಣ್ಣ ಹಿಂದಿನಿಂದ ಬಂದು ನರಿಯ ಬಾಲದ ಪಕ್ಕ ಕೂತು ಹುಲ್ಲು ಮೇಯುತ್ತಿದ್ದ. ಅಲ್ಲಿಗೆ ಬಂದಾಗ ನವ್ಯ ಪ್ರತಿ ಸಲವೂ ಹೊಟ್ಟೆ ಹಿಡಿದು ನಗುತ್ತಿದ್ದಳು. ಮುಂದೆ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದುವಾಗ, ನಮ್ಮ ಕಡೆಯ ಕಾಡುಮೊಲ ಬಿಲವನ್ನೇ ತೋಡುವುದಿಲ್ಲ, ಹುಲ್ಲಿನ ನಡುವೆ ಬಯಲಿನಲ್ಲೇ ಮೈಯೊತ್ತಿ ಮಲಗುತ್ತದೆ ಎಂದು ತಿಳಿಯಿತು. ಆ ಸಾಲನ್ನು ಓದಿ ನಾನು ಪುಸ್ತಕ ಮುಚ್ಚಿ ಗ್ರಂಥಾಲಯದಿಂದ ಹೊರಗೆ ಬಂದು ನಿಂತಿದ್ದೆ.

ಮನೆಗೆ ಕೇಬಲ್ ಬಂದಾಗ ಬೇರೆ ಮೊಲಗಳು ಬಂದವು. ಕೆನ್ನೆ ಉಬ್ಬಿದ, ಎರಡೇ ಹಲ್ಲಿನ, ಎರಡು ಕಾಲಲ್ಲಿ ನಡೆಯುವ ಕಾರ್ಟೂನು ಮೊಲಗಳು. ಬಂಡೆ ಮೇಲೆ ಬಿದ್ದರೆ ನೀರ್‌ದೋಸೆಯಷ್ಟು ತೆಳ್ಳಗಾಗಿ, ಮರುಗಳಿಗೆ ಉಬ್ಬಿ ಎದ್ದು ಓಡುತ್ತಿದ್ದವು. ನಾವು ಬಾಯಿ ಬಿಟ್ಟು ನೋಡುತ್ತಿದ್ದೆವು. ಅಜ್ಜ ಬಾಗಿಲಲ್ಲಿ ನಿಂತು ನೋಡಿ ತಲೆ ಅಲ್ಲಾಡಿಸುತ್ತಿದ್ದರು.

"ಇದಕ್ಕೆ ನೋವೇ ಇಲ್ಲವಲ್ಲ. ನೋವಿಲ್ಲದಿದ್ದರೆ ಅದು ಯಾಕೆ ಓಡುದು?"

ಆ ವರ್ಷ ಮಕ್ಕಳ ದಿನದ ನಾಟಕಕ್ಕೆ ಮೊಲ ಬೇಕೆಂದು ಟೀಚರ್ ಮನೆಗೇ ಬಂದರು. ನಾಟಕ ಅವರೇ ಬರೆದದ್ದು: ಬೇಟೆಗಾರನಿಗೆ ಸಿಕ್ಕಿಬಿದ್ದ ಮೊಲ ಸತ್ತಂತೆ ನಟಿಸಿ, ಅವನು ಚೀಲ ತರಲು ಹೋದಾಗ ಓಡಿಹೋಗುತ್ತದೆ. ಮೊಲದ ಪಾತ್ರ ನವ್ಯಳಿಗೆ. ಅಜ್ಜ ತಮ್ಮ ಹಳೆಯ ಮೊಲವನ್ನು ತೆಗೆದು ತೋರಿಸಿದರು. ಅದು ಟೋಪಿಗೆ ಹೊಲಿದ ಎರಡು ಕಿವಿ, ಅಷ್ಟೇ. ಮುಖಕ್ಕೆ ಬಿಳಿ ಬಣ್ಣ ಹಚ್ಚಿಕೊಂಡರೆ ಮೊಲವಾಯಿತು.

"ಅಜ್ಜರೇ, ಇದು ಈಗ ಆಗ್ಲಿಕ್ಕಿಲ್ಲ. ಮಕ್ಕಳು ನಗ್ತಾರೆ. ಟಿ.ವಿ.ಯಲ್ಲಿ ಬರ್ತದಲ್ಲ, ಹಾಗೆ ಬೇಕು. ಪೂರ್ತಿ ಮಂಡೆ. ಬಾಯಿ ಮುಚ್ಚಿ ಎರಡು ಹಲ್ಲು ಮಾತ್ರ ಕಾಣಬೇಕು. ನಿಮಗೆ ಕಷ್ಟ ಆಗುದಾದ್ರೆ ಬೇರೆ ಕಡೆ ಕೇಳ್ತೇನೆ."

ಆ ಕೊನೆಯ ಮಾತು ಕೆಲಸ ಮಾಡಿತು. ಅಜ್ಜ ಮಣ್ಣಿಗೆ ಕೈ ಹಾಕಿದರು. ಎದ್ದು ಬಂದ ಮೊಲ ಬಹಳ ಚೆಂದ ಇತ್ತು, ಅದನ್ನು ಈಗಲೂ ಒಪ್ಪುತ್ತೇನೆ. ಹೊರಗೆ ಬಿಳಿ ಉಣ್ಣೆಬಟ್ಟೆ, ಒಳಗೆ ಹತ್ತಿಯ ಮೆತ್ತೆ, ಕಿವಿ ನೆಟ್ಟಗಿರಲು ತಂತಿ. ಕಣ್ಣಿನ ಜಾಗದಲ್ಲಿಯೂ ಹಲ್ಲುಗಳ ಮೇಲೆಯೂ ತೆಳು ಬಲೆ. ಹುಲಿಯ ಮಂಡೆಯಲ್ಲಿ ವೇಷಧಾರಿಯ ಮುಖ ಹೊರಗೇ ಇರುತ್ತದೆ, ಮಂಡೆ ನೆತ್ತಿಯ ಮೇಲೆ ಕೂರುತ್ತದೆ. ಅದು ಲಾಗ ಹಾಕುವಾಗ ಕಳಚಬಾರದೆಂದು ಗದ್ದದ ಕೆಳಗೆ ನೂಲಿನ ಹಗ್ಗದಿಂದ ಬಿಗಿಯುತ್ತಾರೆ. ಬೆವರಿಗೆ ಒದ್ದೆಯಾದಷ್ಟೂ ಆ ಹಗ್ಗದ ಗಂಟು ಗಟ್ಟಿಯಾಗುತ್ತದೆ. ದಿನವಿಡೀ ಕುಣಿಯುವ ಹುಲಿಗೆ ಅದೇ ಭದ್ರ. ಮೊಲವೂ ಕುಪ್ಪಳಿಸುವುದಲ್ಲವೇ ಎಂದು ಅಜ್ಜ ಅದೇ ಹಗ್ಗವನ್ನು ಮೊಲದ ಮಂಡೆಯ ಕತ್ತಿನ ಅಂಚಿನೊಳಗೆ ಸುತ್ತಲೂ ಪೋಣಿಸಿದರು.

ನಮ್ಮ ಮನೆಯಿಂದ ಯಾವ ವೇಷ ಹೊರಟರೂ, ಅದು ಒಂದನೇ ಕ್ಲಾಸಿನ ಕೋತಿಯೇ ಆಗಿರಲಿ, ಹುಲಿಗೆ ನಡೆಯುವುದೆಲ್ಲ ಅದಕ್ಕೂ ನಡೆಯಬೇಕು. ದೀಪ ಹಚ್ಚಿ, ಊದಿನ ಹೊಗೆ ತೋರಿಸಿ, ಮಂಡೆಯನ್ನು ತಲೆಗೆ ಮುಟ್ಟಿಸಿ ಕಳುಹಿಸುತ್ತಿದ್ದರು. ಕಟ್ಟಿದ ಮೇಲೆ ಕೆಲಸ ಮುಗಿಯುವವರೆಗೆ ಜನರೆದುರು ಬಿಚ್ಚುವಂತಿಲ್ಲ. ಒಳಗಿನಿಂದ ಮಾತಾಡುವಂತಿಲ್ಲ. ಅಂದು ಬೆಳಗ್ಗೆ ಅಜ್ಜ ನವ್ಯಳ ಮುಂದೆ ಕುಕ್ಕರುಗಾಲಲ್ಲಿ ಕೂತು ಕೇಳಿದರು.

"ಒಳಗೆ ಹೋದ ಮೇಲೆ ನೀನು ಯಾರು?"

"ಕೆಬಿಯಣ್ಣ."

"ಕೆಬಿಯಣ್ಣ ಮಾತಾಡ್ತಾನಾ?"

ಅವಳು ತುಟಿ ಮುಚ್ಚಿ ತಲೆ ಅಲ್ಲಾಡಿಸಿದಳು. ಅಜ್ಜನಿಗೆ ಖುಷಿಯಾಯಿತು. ಮಂಡೆಯನ್ನು ಅಮ್ಮನ ಕೈಗೆ ಕೊಟ್ಟು, ಎಲ್ಲಿ ಹೇಗೆ ಕಟ್ಟಬೇಕೆಂದು ಮತ್ತೆ ಹೇಳಿದರು. ಅವರು ಶಾಲೆಗೆ ಬರಲಿಲ್ಲ. ಮಾಡಿದ ವೇಷವನ್ನು ಜನರ ನಡುವೆ ನಿಂತು ನೋಡುವ ಅಭ್ಯಾಸ ಅವರಿಗಿರಲಿಲ್ಲ.

ಹೀಗೆ ಅವಳು ಆ ಬಿಸಿಲಿಗೆ ಕುಪ್ಪಳಿಸುತ್ತ ಬಂದಳು. ಮಕ್ಕಳು ಕಿರುಚಿದರು, ಚಪ್ಪಾಳೆ ಹೊಡೆದರು. ನಾನು ನಾಲ್ಕನೆಯ ಸಾಲಿನ ನಡುವೆ, ಎರಡೂ ಕಡೆ ಹುಡುಗಿಯರು ಒತ್ತಿಕೊಂಡು ಕೂತ ಬೆಂಚಿನಲ್ಲಿದ್ದೆ. ಮೊದಲು ಎಲ್ಲ ಸರಿಯಿತ್ತು. ಬೇಟೆಗಾರನಾದ ಹುಡುಗ ಅವಳನ್ನು ವೇದಿಕೆಯ ಮೇಲಿಟ್ಟ ಬುಟ್ಟಿಗಳ ಸುತ್ತ ಅಟ್ಟಿಸಿಕೊಂಡು ಹೋದ. ಮೂರನೆಯ ಬುಟ್ಟಿಯ ಹತ್ತಿರ ಮಂಡೆ ಸ್ವಲ್ಪ ವಾಲಿತು. ಕಣ್ಣಿನ ಬಲೆ ಅವಳ ಹಣೆಗೆ, ಹಲ್ಲಿನ ಬಲೆ ಕೆನ್ನೆಗೆ ಸರಿದಿರಬೇಕು, ಬುಟ್ಟಿಗೆ ಡಿಕ್ಕಿ ಹೊಡೆದಳು. ಜನ ನಕ್ಕರು. ಅವಳು ನಿಂತಳು. ಎಡಗಾಲಿನಿಂದ ನೆಲ ಕುಟ್ಟಿದಳು. ಮತ್ತೆ ಕುಟ್ಟಿದಳು. ಮರದ ವೇದಿಕೆಯಾದ್ದರಿಂದ ದೊಡ್ಡ ಸದ್ದು ಬಂತು, ಮಕ್ಕಳಿಗೆ ಅದು ಎಷ್ಟು ಹಿಡಿಸಿತೆಂದರೆ ಎಲ್ಲರೂ ಅವಳ ಜೊತೆ ಕಾಲು ಕುಟ್ಟತೊಡಗಿದರು. ಸಭಾಂಗಣವಿಡೀ ಧಡ್ ಧಡ್ ಎಂದಿತು. ಆ ನಾಟಕದಲ್ಲಿ ಕಾಲು ಕುಟ್ಟುವುದು ಇರಲಿಲ್ಲ. ಅದರ ಅರ್ಥ ನನಗೆ ಗೊತ್ತಿತ್ತು, ಆ ಸಭಾಂಗಣದಲ್ಲಿ ಇನ್ನು ಗೊತ್ತಿದ್ದದ್ದು ವೇದಿಕೆಯ ಪಕ್ಕ ಪರದೆಯ ಹಿಂದೆ ನಿಂತಿದ್ದ ಅಮ್ಮನಿಗೆ ಮಾತ್ರ.

ನಾನು ಎದ್ದು ಅಮ್ಮಾ ಎಂದು ಕೂಗಿದೆ. ನನ್ನ ಕೂಗು ನನಗೇ ಕೇಳಲಿಲ್ಲ. ಹಿಂದಿನಿಂದ ಯಾರೋ ಭುಜ ಹಿಡಿದು ಕೂರಿಸಿದರು. ವೇದಿಕೆಯ ಮೇಲೆ ನವ್ಯಳ ಬಿಳಿ ಕೈಗವಸಿನ ಎರಡು ಕೈಗಳು ಕತ್ತಿನ ಹತ್ತಿರ ಏನನ್ನೋ ಹುಡುಕುತ್ತಿದ್ದವು. ಗವಸಿನ ಬೆರಳಿಗೆ ಗಂಟು ಸಿಗಲಿಲ್ಲ. ಮೊಲದ ಮುಖ ಮಾತ್ರ ನಗುತ್ತಲೇ ಇತ್ತು. ಅವಳು ಮೊಣಕಾಲೂರಿದಳು, ಪಕ್ಕಕ್ಕೆ ಬಿದ್ದಳು, ಅಲ್ಲಾಡಲಿಲ್ಲ. ನಾಟಕದಲ್ಲಿ ಮೊಲ ಸಾಯುವುದು ಅಲ್ಲೇ ಇತ್ತು. ಚಪ್ಪಾಳೆ ಜೋರಾಯಿತು. ಬೇಟೆಗಾರ ಹುಡುಗ ಕಲಿಸಿದ ಹಾಗೆ ಚೀಲ ತರಲು ಒಳಗೆ ಓಡಿದ.

ಅಮ್ಮ ಪಕ್ಕದ ಪರದೆಯಿಂದ ಓಡಿಬಂದಳು. ಕೈಯಲ್ಲಿ ದಾರ ಕತ್ತರಿಸುವ ಸಣ್ಣ ಕತ್ತರಿ. ಟೀಚರ್ ತಡೆಯಲು ಬಂದರು.

"ಎಂತ ಮಾಡ್ತೀರಿ, ನಾಟಕ ಮುಗೀಲಿಲ್ಲ..."

"ಬಿಡಿ ಕೈ! ನನ್ನ ಮಗು ಕಾಲು ಕುಟ್ಟಿದ್ದು ಕೇಳ್ಲಿಲ್ವಾ ನಿಮಗೆ?"

ಹಗ್ಗ ಅಂಚಿನೊಳಗಿತ್ತು, ಕತ್ತರಿ ಅಲ್ಲಿಗೆ ತಾಗಲಿಲ್ಲ. ಅಮ್ಮ ಎರಡು ಹಲ್ಲುಗಳ ನಡುವೆ ಕತ್ತರಿ ಚುಚ್ಚಿ, ಬೆರಳು ಹಾಕಿ, ಮೊಲದ ಮುಖವನ್ನು ಸೀಳಿದಳು. ಅಜ್ಜನ ಪದರಗಳು ಹಲಗೆಯಷ್ಟು ಗಟ್ಟಿ, ಅವಳ ಉಗುರು ಕಿತ್ತು ಬಂದು ಬಿಳಿ ಉಣ್ಣೆ ಕೆಂಪಾಯಿತು. ಸೀಳಿದ ಜಾಗದಲ್ಲಿ ನವ್ಯಳ ಮುಖ ಕಂಡಿತು. ತುಟಿಯ ಬಣ್ಣ ನಾನು ಇಲ್ಲಿ ಬರೆಯಲಾರೆ. ಅಮ್ಮ ಆ ಬಿರುಕಿನೊಳಗೆ ಬಾಯಿಟ್ಟು ಊದಿದಳು. ಯಾರೋ ಬಾಟಲಿ ನೀರು ಸುರಿದರು. ಆಮೇಲೆ ಒಂದು ಕೆಮ್ಮು ಕೇಳಿಸಿತು. ಆ ಕೆಮ್ಮಿನವರೆಗಿನ ಹೊತ್ತು ಎಷ್ಟೆಂದು ನನಗೆ ಗೊತ್ತಿಲ್ಲ. ಅದರ ಒಳಗಿನಿಂದ ನಾನು ಪೂರ್ತಿ ಹೊರಗೆ ಬಂದೆನೇ ಎಂಬುದೂ ಗೊತ್ತಿಲ್ಲ. ಇಂದಿಗೂ ನಾನು ಮುಖ ಮುಚ್ಚುವ ಹೆಲ್ಮೆಟ್ ಹಾಕಲಾರೆ. ಫಳ್ನೀರಿನಲ್ಲಿ ನವ್ಯಳ ಮನೆ ಆರನೆಯ ಮಹಡಿಯಲ್ಲಿದೆ, ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತಿಯೇ ಹೋಗುತ್ತೇನೆ. ಅವಳು ಬಾಗಿಲಲ್ಲಿ ನಿಂತು ನಗುತ್ತಾಳೆ: "ಮಂಡೆಯ ಒಳಗಿದ್ದದ್ದು ನಾನು, ನೀನು ಯಾಕೆ ಅಕ್ಕ ಏದುಸಿರು ಬಿಡುದು?" ಒಳಗಿದ್ದವಳಿಗೆ ಕತ್ತಲೆಯಷ್ಟೇ ನೆನಪಿದೆ. ಆ ನಗುವ ಮುಖವನ್ನು ಹೊರಗಿನಿಂದ ನೋಡಿದ್ದು ನಾನು.

ಆಸ್ಪತ್ರೆಯಿಂದ ಅವಳನ್ನು ಕರೆದುಕೊಂಡು ಬಂದಾಗ ಅಜ್ಜ ಜಗಲಿಯಲ್ಲಿದ್ದರು. ಅಮ್ಮ ಸೀಳಿದ ಮಂಡೆಯನ್ನು ಅವರ ಕಾಲಬುಡಕ್ಕೆ ಎಸೆದಳು. ಮಾವನೆದುರು ಅವಳು ಹಾಗೆ ಧ್ವನಿ ಎತ್ತಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

"ಎರಡು ಬಾಯಿ ಇಲ್ಲದ ಬಿಲಕ್ಕೆ ಮೊಲ ಹೋಗುದಿಲ್ಲ ಅಂತ ಹೇಳಿದ್ದು ಯಾರು ಮಾವ? ನೀವಲ್ವಾ? ಇದಕ್ಕೆ ಎಷ್ಟು ಬಾಯಿ ಉಂಟು, ನೋಡಿ ಹೇಳಿ!"

ಅಜ್ಜ ಮಂಡೆಯನ್ನು ಎತ್ತಿ ತಿರುಗಿಸಿ ನೋಡಿದರು. ಅವರ ಬಾಯಿಯಿಂದ ಬಂದದ್ದು ಬೇರೆ ಮಾತು.

"ಜನರ ಎದುರು ಬಿಚ್ಚಿದ್ರಾ?"

ಅಮ್ಮ ಒಳಗೆ ಹೋದಳು. ಇಬ್ಬರ ನಡುವೆ ನಿಂತಿದ್ದ ಅಪ್ಪ ಯಾರ ಕಡೆ ಮಾತಾಡಬೇಕೆಂದು ತಿಳಿಯದೆ ಸ್ಕೂಟರ್ ಒರೆಸಲು ಹೋದರು. ಅಂದಿನಿಂದ ಮನೆಯಲ್ಲಿ ಅಂಟು ಕಾಯಿಸುವ ಒಲೆ ಉರಿಯಲಿಲ್ಲ. ಅಮ್ಮ ಅಜ್ಜನಿಗೆ ಗಂಜಿ ಬಡಿಸಿ, ಉಪ್ಪಿನಕಾಯಿ ಇಟ್ಟು, ಮಾತಿಲ್ಲದೆ ತಿರುಗುತ್ತಿದ್ದಳು. ಎಲ್ಲ ಮಂಡೆಗಳನ್ನೂ ಸುಟ್ಟುಬಿಡಿ ಎಂದು ಅಪ್ಪನ ಮೂಲಕ ಹೇಳಿಸಿದಳು. ಸುಡುವುದಾದರೆ ನನ್ನನ್ನೂ ಸೇರಿಸಿ ಸುಡಲಿ ಎಂದು ಅಜ್ಜ ಅಪ್ಪನ ಮೂಲಕವೇ ಹೇಳಿಸಿದರು.

ನವ್ಯಳಿಗೆ ನಿದ್ದೆ ಬಾರದಾಯಿತು. ಕೋಣೆಯ ಬಾಗಿಲು ಮುಚ್ಚಿದರೆ ಎದ್ದು ಕೂರುವಳು, ತೆರೆದಿಟ್ಟರೆ ಬಾಗಿಲನ್ನೇ ಕಾಯುತ್ತ ಕೂರುವಳು. ಹೊದಿಕೆ ಗದ್ದಕ್ಕೆ ತಾಗಿದರೆ ಕತ್ತು ತಡಕುವಳು. ಅವಳು ಎದ್ದಾಗ ನಾನೂ ಏಳುತ್ತಿದ್ದೆ, ನಮ್ಮ ಸದ್ದಿಗೆ ಅಮ್ಮ, ಅಮ್ಮನ ಸದ್ದಿಗೆ ಅಜ್ಜನ ಕೆಮ್ಮು. ಹಗಲಲ್ಲಿ ಮನೆಯಿಡೀ ತೂಕಡಿಸುತ್ತಿತ್ತು. ಗಂಜಿ ಸೀದುಹೋಗುತ್ತಿತ್ತು, ನಾನು ಕ್ಲಾಸಿನಲ್ಲಿ ಬೆಂಚಿಗೆ ಹಣೆ ಒತ್ತಿ ಮಲಗಿ ಬೈಸಿಕೊಂಡೆ. ಮಂಡೆಗಳು ಜಂತಿಯಿಂದ ಹಾಗೆಯೇ ತೂಗುತ್ತಿದ್ದವು. ಬೇರೆಡೆ ಮಲಗಿಸಲು ಮನೆಯಲ್ಲಿ ಜಾಗವಿರಲಿಲ್ಲ. ಟಿ.ವಿ.ಯಲ್ಲಿ ಮೊಲ ಬಂದರೆ ನವ್ಯ ಎದ್ದು ಹೋಗುತ್ತಿರಲಿಲ್ಲ. ಅದು ಚಪ್ಪಟೆಯಾಗಿ ಮತ್ತೆ ಎದ್ದು ನಿಂತಾಗ ನಗುತ್ತಲೂ ಇರಲಿಲ್ಲ. ಅಜ್ಜನ ಹತ್ತಿರ ಮಾತ್ರ ಹೋಗುತ್ತಿರಲಿಲ್ಲ.

ಎಷ್ಟೋ ದಿನಗಳ ಮೇಲೆ ಅಜ್ಜ ಮತ್ತೆ ಅಂಟು ಕಾಯಿಸಿದರು. ಅಮ್ಮ ಪಾತ್ರೆಗಳನ್ನು ಕುಕ್ಕಿದಳು, ಅವರು ಕೇಳಿಸಿಕೊಳ್ಳಲಿಲ್ಲ. ಒಣಗಿದಾಗ ಅದು ಮತ್ತೊಂದು ಮೊಲ. ಅದೇ ಮುಚ್ಚಿದ ಬಾಯಿ, ಅದೇ ಹಲ್ಲು, ಅದೇ ಹಗ್ಗ, ಆದರೆ ದೊಡ್ಡದು. ಒಂದು ಭಾನುವಾರ ಮಧ್ಯಾಹ್ನ ಅದನ್ನು ಹಿಡಿದು ಅಂಗಳದ ಬಿಸಿಲಲ್ಲಿ ಸ್ಟೂಲ್ ಹಾಕಿ ಕೂತರು. ಹಗ್ಗವನ್ನು ಚೆಂಬಿನ ನೀರಲ್ಲಿ ಅದ್ದಿ ತೆಗೆದರು.

"ನವ್ಯಾ, ಬಾ ಇಲ್ಲಿ. ಕಟ್ಟು."

ಅವಳು ಜಗಲಿಯ ಕಂಬ ಬಿಡಲಿಲ್ಲ.

"ನೀನು ಕಟ್ಟಬೇಕು. ನೀನೇ ಬಿಚ್ಚಬೇಕು. ಬೇರೆ ಯಾರೂ ಮುಟ್ಲಿಕ್ಕಿಲ್ಲ."

ಅವಳು ಮೆಲ್ಲ ಇಳಿದು ಹೋದಳು. ಅಜ್ಜ ಮಂಡೆ ಹಾಕಿಕೊಂಡರು. ಬಿಳಿ ಪಂಚೆಯ ಮೇಲೆ ನಗುವ ಮೊಲದ ಮುಖ. ನವ್ಯ ಎರಡು ಸುತ್ತು ಎಳೆದು ಗಂಟು ಹಾಕಿದಳು. ಅಪ್ಪ ಎದ್ದು ನಿಂತರು. ಅಮ್ಮ ಅಡುಗೆಮನೆಯಿಂದ ಬಂದಳು. ಮೇಲಿನ ರಸ್ತೆಯಲ್ಲಿ ಬಸ್ಸು ಹೋಯಿತು. ಆಮೇಲೆ ಒಳಗಿನಿಂದ ಧ್ವನಿ ಬಂತು, ಕೊಡದೊಳಗಿಂದ ಬಂದ ಹಾಗೆ.

"ಸಾಕು ಮಗಾ. ಬಿಚ್ಚು."

ನವ್ಯ ಸೊಂಟಕ್ಕೆ ಕೈ ಕೊಟ್ಟು ನಿಂತಳು.

"ಕೆಬಿಯಣ್ಣ ಮಾತಾಡ್ಲಿಕ್ಕಿಲ್ಲ."

ಅಮ್ಮ ಸೆರಗನ್ನು ಬಾಯಿಗೊತ್ತಿಕೊಂಡಳು, ನಗುವೋ ಅಳುವೋ ನನಗೆ ತಿಳಿಯಲಿಲ್ಲ. ಅಜ್ಜನ ಎದೆ ಏರಿಳಿಯುವುದು ಕಾಣುತ್ತಿತ್ತು. ಹಗ್ಗಕ್ಕೆ ಕೈ ಹಾಕಿದರು, ಒದ್ದೆ ಗಂಟು ಅವರ ಬೆರಳಿಗೂ ಬಗ್ಗಲಿಲ್ಲ. ಅಪ್ಪ ಮುಂದೆ ಬಂದಾಗ ಕೈಯೆತ್ತಿ ತಡೆದರು. ನನಗೆ ಅಂಗಳ ಮತ್ತೆ ಸಭಾಂಗಣವಾಯಿತು. ಆಗ ಅಜ್ಜ ಎಡಗಾಲೆತ್ತಿ ನೆಲ ಕುಟ್ಟಿದರು. ಇನ್ನೊಮ್ಮೆ ಕುಟ್ಟಿದರು.

"ಅಮ್ಮಾ, ಕತ್ತರಿ!" ನವ್ಯ ಕೂಗಿದಳು.

ಈ ಸಲ ನವ್ಯಳೇ ಸೀಳಿದಳು. ಕತ್ತಿನ ಹಿಂದೆ ಕತ್ತರಿ ತೂರಿಸಿ, ಎರಡೂ ಕೈಯಲ್ಲಿ ಹಿಡಿದು, ಅಳುತ್ತ ಕತ್ತರಿಸಿದಳು. ಅಮ್ಮ ಅವಳ ಕೈ ಮೇಲೆ ಕೈಯಿಟ್ಟು ಒತ್ತಿದಳು. ಹಿಂಬದಿಯ ಬಿರುಕಿನಿಂದ ಅಜ್ಜನ ಬೆವೆತ ನೆತ್ತಿ ಹೊರಗೆ ಬಂತು. ಅವರು ಬಹಳ ಹೊತ್ತು ಕೆಮ್ಮಿದರು. ಕಣ್ಣು ಕೆಂಪಾಗಿತ್ತು.

"ಒಳಗೆ ನನ್ನದೇ ಉಸಿರು ಮಗಾ. ಬಿಟ್ಟದ್ದನ್ನೇ ಮತ್ತೆ ತಗೊಳ್ಳಬೇಕು. ನಿನ್ನನ್ನು ಇದರೊಳಗೆ ಹಾಕಿ ಕಳಿಸಿದೆನಲ್ಲಾ ನಾನು."

ಮತ್ತೆ ಅಮ್ಮನ ಕಡೆ ನೋಡದೆ, ನೆಲ ನೋಡುತ್ತ ಹೇಳಿದರು.

"ನೀನು ಜನರ ಎದುರು ಬಿಚ್ಚಿದ್ದು ಒಳ್ಳೇದಾಯ್ತು."

ಆ ಮಧ್ಯಾಹ್ನವೇ ಅಜ್ಜ ಮುಖ ಮುಚ್ಚುವ ಮಂಡೆಗಳನ್ನೆಲ್ಲ ಜಂತಿಯಿಂದ ಇಳಿಸಿದರು. ಕೋತಿ, ಕರಡಿ, ಸಿಂಹ, ಒಂದೊಂದರ ಹಿಂಬದಿಯನ್ನೂ ನೆತ್ತಿಯಿಂದ ಕೆಳಗಿನವರೆಗೆ ಕೊಯ್ದರು. ಹಗ್ಗದ ಬದಲು ಅಮ್ಮ ಎಲಾಸ್ಟಿಕ್ ಹೊಲಿದಳು, ಒಳಗಿನಿಂದ ಮಗುವಿನ ಕೈ ತಳ್ಳಿದರೂ ತೆರೆಯುವ ಹಾಗೆ. ನವ್ಯ ಪ್ರತಿಯೊಂದರೊಳಗೆ ತೋಳು ತೂರಿಸಿ, ಹಿಂದಿನಿಂದ ಬೆರಳು ಹೊರಗೆ ಬಂತೇ ಎಂದು ನೋಡಿ, ಬಂದದ್ದನ್ನು ಮಾತ್ರ ನನ್ನ ಕೈಗೆ ಕೊಡುತ್ತಿದ್ದಳು. ಕೊನೆಯ ಮಂಡೆಯನ್ನು ಕೊಕ್ಕೆಗೆ ಹಾಕಲು ಕೋಣೆಗೆ ಹೋದಾಗ ಅವಳು ಹೊಸ್ತಿಲಲ್ಲಿ ನಿಂತಳು.

"ಅಜ್ಜ, ಈ ಕೋಣೆಗೂ ಒಂದೇ ಬಾಯಿ."

ಅಜ್ಜ ಅವಳ ಹಿಂದೆ ಬಂದು ನಿಂತು, ಟ್ರಂಕುಗಳ ಗೋಡೆಯನ್ನು ಮೊದಲ ಬಾರಿಗೆ ನೋಡುವವರಂತೆ ನೋಡಿದರು. ಅಪ್ಪನನ್ನು ಕರೆದರು. ಇಬ್ಬರೂ ಸೇರಿ ಟ್ರಂಕುಗಳನ್ನು ಒಂದೊಂದಾಗಿ ಎಳೆದು, ಅಜ್ಜ ಮಲಗುತ್ತಿದ್ದ ಚಾವಡಿಯ ಮೂಲೆಗೆ ಸಾಗಿಸಿದರು. ಅಜ್ಜನ ಚಾಪೆಗೆ ಅಲ್ಲಿ ಜಾಗ ಉಳಿಯಲಿಲ್ಲ. ಅದನ್ನು ಸುತ್ತಿ ಜಗಲಿಗೆ ಒಯ್ದರು. ಕಿಟಕಿಯ ಬಾಗಿಲು ತುಕ್ಕು ಹಿಡಿದು ಕೂತಿತ್ತು, ತೆಂಗಿನೆಣ್ಣೆ ಬಿಟ್ಟು ಸುತ್ತಿಗೆಯಿಂದ ಹೊಡೆದ ಮೇಲೆ ಕಿರ್ ಎಂದು ತೆರೆಯಿತು. ಹಲ್ಲಿಯೊಂದು ಓಡಿಹೋಯಿತು, ಗಾಳಿ ಒಳಗೆ ಬಂತು. ತೂಗುತ್ತಿದ್ದ ತಲೆಗಳೆಲ್ಲ ಒಂದು ಸುತ್ತು ತಿರುಗಿದವು.

ಮರುದಿನ ನನ್ನನ್ನು ಎಬ್ಬಿಸಿದ್ದು ಬಿಸಿಲು. ಆ ಕೋಣೆಯೊಳಗೆ ಬಿಸಿಲು ಬೀಳುತ್ತದೆಂದೇ ನನಗೆ ಗೊತ್ತಿರಲಿಲ್ಲ. ಶಾಲೆಯ ಹೊತ್ತು ಮೀರಿತ್ತು, ಯಾರೂ ಎಬ್ಬಿಸಿರಲಿಲ್ಲ. ಅಮ್ಮನೂ ಅಪ್ಪನೂ ಎದ್ದಿರಲಿಲ್ಲ, ಒಲೆ ತಣ್ಣಗಿತ್ತು. ಅಜ್ಜ ಜಗಲಿಯಲ್ಲಿ, ಬಯಲಿಗೆ ಮುಖ ಮಾಡಿ, ಮೊಣಕಾಲು ಹೊಟ್ಟೆಗೆ ಎಳೆದುಕೊಂಡು ಮಲಗಿದ್ದರು. ನಾನು ಹಿಂದೆ ಬಂದು ನೋಡಿದೆ. ನವ್ಯ ಬಾಯಿ ತೆರೆದು, ಹೊದಿಕೆ ಒದ್ದು, ಎಡಗಾಲನ್ನು ಕಿಟಕಿಯ ದಂಡೆಯ ಮೇಲಿಟ್ಟು ನಿದ್ರಿಸುತ್ತಿದ್ದಳು. ಪಾದ ಸರಳುಗಳಾಚೆ ಬಿಸಿಲಿನಲ್ಲಿತ್ತು. ನಾನು ಅದನ್ನೇ ನೋಡುತ್ತ ಕೂತೆ. ಅದು ಏನನ್ನೂ ಕುಟ್ಟಲಿಲ್ಲ. ನಾನೂ ಅವಳ ಪಕ್ಕ ಮತ್ತೆ ಮಲಗಿದೆ.